ಪೆನಿಸಿಲಿನ್ ಪಿತಾಮಹ ಫ್ಲೆಮಿಂಗ್

ಗಾಯ ಕೀವಾದರೆ ನಾವಿಂದು ಹೆದರುವುದಿಲ್ಲ. ಇದಕ್ಕೆ 1881ರಲ್ಲಿ ಸ್ಕಾಟ್ಲೆಂಡಿನ ರೈತ ಕುಟುಂಬದಲ್ಲಿ ಜನಿಸಿದ ಅಲೆಕ್ಸಾಂಡರ್ ಫ್ಲೆಮಿಂಗರೇ ಕಾರಣಕರ್ತರು. ಮೊದಲ ಮಹಾಯುದ್ಧದಲ್ಲಿ ಗಾಯ ಕೊಳೆತು ಸಾಯುವ ಸೈನಿಕರನ್ನು ಅವರು ಕಂಡಿದ್ದರು. 1928ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ಅವರು ರೋಗಾಣು ಬೆಳೆಸಿದ್ದ ತಟ್ಟೆಗೆ ಬೂಷ್ಟು ಹಿಡಿಯಿತು. ಅದರ ಸುತ್ತಲಿನ ರೋಗಾಣುಗಳು ನಾಶವಾಗಿದ್ದವು. ಹೀಗೆ ದೊರೆತುದೇ ಪೆನಿಸಿಲಿನ್. ಅದನ್ನು ಔಷಧವಾಗಿಸಿದ ಫ್ಲೋರಿ, ಚೈನ್‌ರೊಡನೆ 1945ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಔಷಧವನ್ನು ಅರೆಬರೆಯಾಗಿ ಸೇವಿಸಿದರೆ ರೋಗಾಣುಗಳು ಅದಕ್ಕೆ ಮಣಿಯದಂತಾಗುವುವೆಂದು ಅವರು ಅಂದೇ ಎಚ್ಚರಿಸಿದರು. 1955ರಲ್ಲಿ ನಿಧನರಾದರು.

ಆ ಎಚ್ಚರಿಕೆ ನಿಜವಾಗಿದೆ. 1991ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಡಿ.ಎನ್.ಎ.ಯನ್ನು ಹೋಲುವ ಪಿ.ಎನ್.ಎ. ಎಂಬ ಕೃತಕ ವಸ್ತುವನ್ನು ರಚಿಸಿದರು. ರೋಗಾಣುವಿನ ಜೀನಿನ ಸಂದೇಶಕ್ಕೆ ಅಂಟಿ ಅದರ ಬೆಳವಣಿಗೆ ತಡೆಯುವ ಇದರ ಪ್ರಯೋಗಗಳು ನಡೆದಿವೆ, ಔಷಧವಿನ್ನೂ ಸಿದ್ಧವಾಗಿಲ್ಲ. ಅಲ್ಲಿಯವರೆಗೆ ವೈದ್ಯರು ಹೇಳಿದಷ್ಟು ದಿನ ಗುಳಿಗೆ ನುಂಗುವುದೇ ನಾವು ಫ್ಲೆಮಿಂಗರಿಗೆ ಸಲ್ಲಿಸುವ ಗೌರವ.