ಬಿಪಿನ್ ಚಂದ್ರ ಪಾಲ್: ರಾಷ್ಟ್ರೀಯತೆ ಮತ್ತು ವ್ಯಕ್ತಿವಿವೇಕ

ಲಾಲ್-ಬಾಲ್-ಪಾಲ್ ಎಂಬ ತ್ರಯದಲ್ಲಿ ಬಿಪಿನ್ ಚಂದ್ರ ಪಾಲರ ಹೆಸರು ಕೊನೆಯದು. ಚರಿತ್ರೆಯ ಬರವಣಿಗೆಯಲ್ಲಿ ಅವರಿಗೆ ದೊರೆತಿರುವ ಸ್ಥಾನವೂ ಬಹುಮಟ್ಟಿಗೆ ಹಾಗೆಯೇ ಇದೆ. ವಂಗಭಂಗದ ಕಾಲದಲ್ಲಿ ಬಹಿಷ್ಕಾರ ಮತ್ತು ನಿಷ್ಕ್ರಿಯ ಪ್ರತಿರೋಧಗಳಿಗೆ ತಾತ್ವಿಕ ನೆಲೆಯನ್ನು ಒದಗಿಸಿದ ಅವರು, 1921ರಲ್ಲಿ ಗಾಂಧೀಜಿಯವರ ಅಸಹಕಾರ ಚಳವಳಿಯನ್ನು ಒಪ್ಪಲಿಲ್ಲ. ಇದನ್ನು ಉಗ್ರಗಾಮಿಯೊಬ್ಬರ ಹಿಂಜರಿಕೆಯೆಂದು ಗುರುತಿಸುವುದು ವಾಡಿಕೆ. ಅವರ ಬದುಕನ್ನು ಇಡಿಯಾಗಿ ನೋಡಿದಾಗ ಈ ತೀರ್ಮಾನವನ್ನು ಮರುಪರಿಶೀಲಿಸಬೇಕೆನಿಸುತ್ತದೆ.

ಪಾಲರು 1858ರ ನವೆಂಬರ್ 7ರಂದು, ಇಂದು ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್ ಪ್ರದೇಶದ ಪೊಯಿಲ್ ಗ್ರಾಮದ ವೈಷ್ಣವ ಮನೆತನವೊಂದರಲ್ಲಿ ಜನಿಸಿದರು. ಕಲ್ಕತ್ತೆಯಲ್ಲಿ ಕಾಲೇಜು ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ಬ್ರಹ್ಮಸಮಾಜವನ್ನು ಸೇರಿದ್ದರಿಂದ ತಂದೆಯೊಡನೆ ಸಂಬಂಧ ಮುರಿಯಿತು. ಮುಂದೆ ವಿಧವೆಯೊಬ್ಬರನ್ನು ವಿವಾಹವಾದರು. ಕೆಲಕಾಲ ಬೆಂಗಳೂರಿನ ಶಾಲೆಯೊಂದರಲ್ಲಿಯೂ ಮುಖ್ಯೋಪಾಧ್ಯಾಯರಾಗಿದ್ದರು. ರಾಜಕಾರಣಕ್ಕೆ ಬರುವ ಮುನ್ನವೇ, ಮನಸ್ಸಾಕ್ಷಿಗೆ ಒಪ್ಪದ ಅಧಿಕಾರವನ್ನು ನಿರಾಕರಿಸುವುದರ ಬೆಲೆಯನ್ನು ಅವರು ಮನೆಯಲ್ಲಿಯೇ ತೆತ್ತಿದ್ದರು.

1901ರಲ್ಲಿ 'ನ್ಯೂ ಇಂಡಿಯಾ' ವಾರಪತ್ರಿಕೆಯನ್ನೂ 1906ರಲ್ಲಿ 'ವಂದೇ ಮಾತರಂ' ಪತ್ರಿಕೆಯನ್ನೂ ಅವರು ಆರಂಭಿಸಿದರು. 1907ರಲ್ಲಿ ಮದರಾಸಿನಲ್ಲಿ ಸ್ವರಾಜ್ಯ, ಸ್ವದೇಶಿಗಳನ್ನು ಕುರಿತು ಮಾಡಿದ ಉಪನ್ಯಾಸಗಳು ದಕ್ಷಿಣದಲ್ಲಿ ಸಂಚಲನ ಮೂಡಿಸಿದವು. ಅದೇ ವರ್ಷ ಅರವಿಂದರ ವಿರುದ್ಧದ ಮೊಕದ್ದಮೆಯಲ್ಲಿ ಸಾಕ್ಷಿ ನುಡಿಯಲು ನಿರಾಕರಿಸಿ ಆರು ತಿಂಗಳ ಸೆರೆವಾಸ ಅನುಭವಿಸಿದರು. ಪತ್ರಿಕೆಯ ಧೋರಣೆಯ ಬಗ್ಗೆ ಅರವಿಂದರ ಬಳಗದೊಡನೆ ಅವರಿಗೆ ಆ ವೇಳೆಗಾಗಲೇ ಭಿನ್ನಾಭಿಪ್ರಾಯವಿತ್ತೆಂಬುದು ಇಲ್ಲಿ ಗಮನಾರ್ಹ.

1908ರಿಂದ 1911ರವರೆಗಿನ ಇಂಗ್ಲೆಂಡ್ ವಾಸದಲ್ಲಿ ಅವರ ಚಿಂತನೆ ಹೊಸ ತಿರುವು ಪಡೆಯಿತು. 'ದಿ ಸೋಲ್ ಆಫ್ ಇಂಡಿಯಾ' (1911) ಮತ್ತು 'ನ್ಯಾಷನಾಲಿಟಿ ಅಂಡ್ ಎಂಪೈರ್' (1916) ಈ ಘಟ್ಟದ ಮುಖ್ಯ ಕೃತಿಗಳು. ಭಾರತದ ಏಕತೆಯನ್ನು ಅವರು ಏಕರೂಪತೆಯಾಗಿ ಕಾಣಲಿಲ್ಲ. ಭಿನ್ನ ಸಮುದಾಯಗಳು ಸ್ವಂತಿಕೆ ಉಳಿಸಿಕೊಂಡು ಕೂಡುವ ಒಕ್ಕೂಟವಾಗಿ ಕಲ್ಪಿಸಿಕೊಂಡರು. ಈ ಒಕ್ಕೂಟತತ್ವವನ್ನು ಸಾಮ್ರಾಜ್ಯಕ್ಕೂ ವಿಸ್ತರಿಸಿ, ಬ್ರಿಟನ್ನಿನೊಡನೆ ಸಮಾನ ನೆಲೆಯ ಸಹಭಾಗಿತ್ವ ಸಾಧ್ಯವೆಂದು ನಂಬಿದ್ದು ಅವರ ಚಿಂತನೆಯ ಮಿತಿ. ವಸಾಹತು ಪ್ರಭುತ್ವವು ಅಧಿಕಾರವನ್ನು ಸ್ವಇಚ್ಛೆಯಿಂದ ಹಂಚಿಕೊಳ್ಳುವುದೆಂಬ ಭರವಸೆಗೆ ಆಧಾರವಿರಲಿಲ್ಲ.

1921ರ ಬಾರಿಸಾಲ್ ಪ್ರಾಂತೀಯ ಸಮ್ಮೇಳನದ ಅಧ್ಯಕ್ಷರಾಗಿ ಪಾಲರು ಎತ್ತಿದ ಆಕ್ಷೇಪವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಸ್ವರಾಜ್ಯದ ಸ್ವರೂಪವನ್ನು ಸ್ಪಷ್ಟಪಡಿಸದೆ ಜನರನ್ನು ಕರೆಯುವುದು, ತರ್ಕದ ಜಾಗದಲ್ಲಿ ವ್ಯಕ್ತಿಯೊಬ್ಬರ ಪ್ರಭಾವವನ್ನು ಸ್ಥಾಪಿಸುವುದು ಅವರಿಗೆ ಸಮ್ಮತವಾಗಲಿಲ್ಲ. ಸಭೆ ಅವರನ್ನು ಬೆಂಬಲಿಸಲಿಲ್ಲ. ಕ್ರಮೇಣ ಒಂಟಿಯಾದ ಅವರು 1932ರ ಮೇ 20ರಂದು ಕಲ್ಕತ್ತೆಯಲ್ಲಿ ನಿಧನರಾದರು.

ಗಾಂಧೀಜಿ ಕಟ್ಟಿದ ಜನಾಂದೋಲನದ ವ್ಯಾಪ್ತಿಯನ್ನು ಪಾಲರು ಅಳೆಯಲಾರದೆ ಹೋದರು ಎಂಬುದು ನಿಜ. ಆದರೆ ತಂದೆಯ ಮನೆಯಲ್ಲಿ, ನ್ಯಾಯಾಲಯದಲ್ಲಿ, ಬಾರಿಸಾಲಿನ ವೇದಿಕೆಯಲ್ಲಿ ಅವರು ತಳೆದದ್ದು ಒಂದೇ ನಿಲುವು. ಸ್ವತಂತ್ರ ರಾಷ್ಟ್ರದಲ್ಲಿ ವ್ಯಕ್ತಿಯ ವಿವೇಕಕ್ಕೆ ಇರುವ ಸ್ಥಾನವೇನು ಎಂಬ ಅವರ ಪ್ರಶ್ನೆ ಅವರ ಸೋಲಿನೊಡನೆ ಕೊನೆಗೊಳ್ಳುವಂಥದ್ದಲ್ಲ.