ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈ

ಪಡುವಣ ಕಡಲ ತಡಿಯಲ್ಲಿ ಒಂದೇ ಹೆಸರಿನ ನೆನಪನ್ನು ಹೊತ್ತ ಎರಡು ಊರುಗಳಿವೆ. ಉತ್ತರದಲ್ಲಿ, ಕುಂದಾಪುರದಿಂದ ಬೈಂದೂರಿಗೆ ಹೋಗುವ ದಾರಿಯಲ್ಲಿರುವುದು ಕಿರಿಮಂಜೇಶ್ವರ. ದಕ್ಷಿಣದಲ್ಲಿ, ಮಂಗಳೂರಿನ ಆಚೆಗೆ ಇರುವುದು ಮಂಜೇಶ್ವರ. ಈ ಎರಡು ಊರುಗಳ ನಡುವೆ ಕುಂದಗನ್ನಡ, ತುಳು, ಕೊಂಕಣಿ, ಬ್ಯಾರಿ ನುಡಿಗಳು ಒಂದೇ ಅಂಗಳದಲ್ಲಿ ಆಡುವ ಮಕ್ಕಳಂತೆ ಬೆಳೆದು ಬಂದಿವೆ. ಈ ನಾಡಿನಲ್ಲಿ ಮನೆಯ ಮಾತೊಂದು, ಬೀದಿಯ ಮಾತೊಂದು, ಶಾಲೆಯ ಮಾತೊಂದು ಆಗಿರುವುದು ಸೋಜಿಗದ ಸಂಗತಿಯಲ್ಲ. ಇಂತಹ ಬಹುಭಾಷೆಯ ಮಣ್ಣಿನಲ್ಲಿ ಬೆಳೆದು, ಕನ್ನಡವನ್ನು ತಮ್ಮದನ್ನಾಗಿ ಮಾಡಿಕೊಂಡ ಮಹನೀಯರಲ್ಲಿ ಗೋವಿಂದ ಪೈಗಳು ಅಗ್ರಗಣ್ಯರು.

ಪೈಗಳ ಜನನ 1883ರ ಮಾರ್ಚ್ 23ರಂದು. ಅವರದು ಗೌಡ ಸಾರಸ್ವತ ಮನೆತನ, ಮನೆಮಾತು ಕೊಂಕಣಿ. ಪೋರ್ಚುಗೀಸರ ಆಳ್ವಿಕೆಯಲ್ಲಿ ಗೋವೆಯನ್ನು ತೊರೆದ ಸಾರಸ್ವತ ಕುಟುಂಬಗಳು ಕುಲದೇವತೆಯನ್ನೂ ತಮ್ಮ ನುಡಿಯನ್ನೂ ಜೊತೆಗೆ ತಂದು ಕರಾವಳಿಯುದ್ದಕ್ಕೂ ನೆಲೆಸಿದವು. ತಲೆಮಾರುಗಳು ಕಳೆದರೂ ಒಲೆಯ ಬಳಿಯ ಮಾತು ಬದಲಾಗಲಿಲ್ಲ. ವ್ಯವಹಾರಕ್ಕೂ ವಿದ್ಯೆಗೂ ಮಾತ್ರ ಕನ್ನಡವೇ ಆಧಾರವಾಯಿತು. ದೂರದ ಮಲಾಕಾ, ಪೆನಾಂಗ್, ಸಿಂಗಪುರಗಳಲ್ಲಿ ಹುಟ್ಟಿದ ಚೀನೀಯರಲ್ಲಿ ಹಲವು ಮನೆತನಗಳು ಇದಕ್ಕೆ ಪ್ರತಿಯಾದ ದಾರಿ ಹಿಡಿದವು. ಅವು ಪೂರ್ವಿಕರ ಪೂಜಾಚರಣೆಗಳನ್ನು ಉಳಿಸಿಕೊಂಡು, ಮನೆಯೊಳಗೂ ಮಲಯ ಭಾಷೆಯನ್ನೇ ಆಡತೊಡಗಿದವು. ವಲಸೆ ಬಂದವರ ಮಕ್ಕಳ ಮುಂದೆ ಎಲ್ಲೆಡೆಯೂ ನಿಲ್ಲುವ ಪ್ರಶ್ನೆ ಒಂದೇ: ಹಳೆಯದನ್ನು ಬಿಡದೆ ಹೊಸ ನೆಲಕ್ಕೆ ಪೂರ್ಣವಾಗಿ ಸಲ್ಲುವುದು ಸಾಧ್ಯವೇ? ಪೈಗಳ ಬಾಳು ಈ ಪ್ರಶ್ನೆಗೆ ದೊರೆತ ಒಂದು ಸಮರ್ಥವಾದ ಉತ್ತರ.

ಮಂಗಳೂರಿನ ಶಾಲೆಯಲ್ಲಿ ಅವರಿಗೆ ಪಂಜೆ ಮಂಗೇಶರಾಯರು ಗುರುಗಳಾಗಿ ದೊರೆತರು. ಆ ಗುರುಗಳ ಮನೆಮಾತೂ ಕೊಂಕಣಿಯೇ; ಮಕ್ಕಳಿಗೆ ಕನ್ನಡದ ರುಚಿ ಹತ್ತಿಸುವುದರಲ್ಲಿ ಮಾತ್ರ ಅವರಿಗೆ ಸಮಾನರು ವಿರಳ. ಮುಂದೆ ಪೈಗಳು ಉನ್ನತ ವ್ಯಾಸಂಗಕ್ಕೆಂದು ಮದರಾಸಿಗೆ ತೆರಳಿದರು. ತಂದೆಯವರ ಅಸ್ವಸ್ಥತೆಯ ಕಾರಣ ಪದವಿ ಪೂರ್ಣವಾಗಲಿಲ್ಲ. ಆದರೆ ವ್ಯಾಸಂಗಕ್ಕೆ ಕೊನೆಯಿರಲಿಲ್ಲ. ಮಂಜೇಶ್ವರದ ಮನೆಯೇ ಅವರ ಗುರುಕುಲವಾಯಿತು. ಸಂಸ್ಕೃತ, ಪ್ರಾಕೃತ, ಬಂಗಾಳಿಗಳಿಂದ ಗ್ರೀಕ್, ಲ್ಯಾಟಿನ್‌ಗಳವರೆಗೆ ಇಪ್ಪತ್ತಕ್ಕೂ ಮಿಕ್ಕ ಭಾಷೆಗಳ ಪರಿಚಯವನ್ನು ಅವರು ಸಂಪಾದಿಸಿದರು.

1911ರಲ್ಲಿ ಪೈಗಳು ಕೈಗೊಂಡ ಸಂಕಲ್ಪ ಕನ್ನಡ ಕಾವ್ಯದ ಇತಿಹಾಸದಲ್ಲಿ ಸ್ಮರಣೀಯವಾದುದು. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವಿರಲೇಬೇಕೆಂಬುದು ಪೂರ್ವಕವಿಗಳಿಂದ ನಡೆದು ಬಂದ ನಿಯಮ. ಅದರ ನಿರ್ಬಂಧಕ್ಕೆ ಸಿಲುಕಿದ ಕವಿ ಭಾವಕ್ಕೆ ಬೇಡವಾದ ಪದವನ್ನೂ ಹುಡುಕಿ ತರಬೇಕಾದ ಪ್ರಸಂಗಗಳುಂಟು. ಪೈಗಳು ಪ್ರಾಸವನ್ನು ಬಿಟ್ಟು ಬರೆಯತೊಡಗಿದಾಗ ಸಂಪ್ರದಾಯಸ್ಥರ ಆಕ್ಷೇಪಣೆಗಳೆದ್ದವು. ಮನೆಯಲ್ಲಿ ಅನ್ಯಭಾಷೆಯನ್ನಾಡುವವರೊಬ್ಬರು ಕನ್ನಡದ ಹಳೆಯ ಕಟ್ಟನ್ನು ಸಡಿಲಿಸುವುದು ಅಲ್ಪ ಸಾಹಸವಲ್ಲ. ಆದರೆ ಅವರು ಪ್ರಾಸವನ್ನು ತ್ಯಜಿಸಿದುದು ಅಶಕ್ತಿಯಿಂದಲ್ಲ. ಪ್ರಾಸಬದ್ಧವಾಗಿಯೂ ಬರೆಯಬಲ್ಲ ಶಕ್ತಿಯಿದ್ದೇ ತ್ಯಜಿಸಿದರು. ಹಳಗನ್ನಡದ ಪದಸಂಪತ್ತು ಅವರ ಕಾವ್ಯದಲ್ಲಿ ಕೊನೆಯವರೆಗೂ ತುಂಬಿ ನಿಂತಿತು.

1930ರಲ್ಲಿ ಗಿಳಿವಿಂಡು ಸಂಕಲನ ಪ್ರಕಟವಾಯಿತು. ಯೇಸುವಿನ ಕಡೆಯ ದಿನವನ್ನು ಕುರಿತ ಗೊಲ್ಗೊಥಾ, ಬುದ್ಧನ ಕಡೆಯ ದಿನವನ್ನು ಕುರಿತ ವೈಶಾಖಿ, ಏಕಲವ್ಯನ ಕಥೆಯ ಹೆಬ್ಬೆರಳು ಅವರ ಕೀರ್ತಿಯನ್ನು ಸ್ಥಿರಗೊಳಿಸಿದವು. ಜಪಾನಿನ ನೋ ನಾಟಕಗಳನ್ನೂ ಅವರು ಕನ್ನಡಕ್ಕೆ ತಂದರು. ಈಜಿಪ್ಟಿನ ಮರಳಿನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಬರುವ ಅಪರಿಚಿತ ಮಾತುಗಳು ಕನ್ನಡವಿರಬಹುದೆಂದು ವಿದ್ವಾಂಸರು ಮೊದಲೇ ಊಹಿಸಿದ್ದರು. ಪೈಗಳು ಮೂಲ ಗ್ರೀಕನ್ನೇ ಓದಿ ಆ ಚರ್ಚೆಯನ್ನು ಮುಂದುವರಿಸಿದರು. ಆ ಮಾತುಗಳು ತುಳುವೆನ್ನುವವರೂ ಇದ್ದಾರೆ, ವಿವಾದ ತೀರಿಲ್ಲ. ಆದರೆ ಈ ಕರಾವಳಿಯ ನುಡಿಯ ಹೆಜ್ಜೆಗಳನ್ನು ಅಷ್ಟು ದೂರ ಅರಸಿದ ಪ್ರೀತಿ ಅವರದು.

1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಐದು ವರ್ಷಗಳಲ್ಲಿ ವಿಧಿಯ ವೈಪರೀತ್ಯ ಘಟಿಸಿತು. 1956ರ ನವೆಂಬರ್ 1ರಂದು ಕನ್ನಡಿಗರು ಏಕೀಕರಣದ ಸಂಭ್ರಮದಲ್ಲಿದ್ದಾಗ, ಕಾಸರಗೋಡು ಸೀಮೆಯೊಡನೆ ಮಂಜೇಶ್ವರವು ಕೇರಳಕ್ಕೆ ಸೇರಿತು. ಎಪ್ಪತ್ತಮೂರರ ವಯೋವೃದ್ಧ ಕವಿ, ಹುಟ್ಟುನಾಡನ್ನು ಬಿಟ್ಟು ಕದಲದೆಯೇ, ಕನ್ನಡ ರಾಜ್ಯದ ಹೊರಗಿನವರಾದರು. ಹಿರಿಯರು ನೆಲ ಬದಲಿಸಿ ನುಡಿ ಉಳಿಸಿಕೊಂಡಿದ್ದರು. ಇವರ ಕಾಲಕ್ಕೆ ನೆಲದ ಗಡಿಯೇ ಸರಿದು ಹೋಯಿತು. 1963ರ ಸೆಪ್ಟೆಂಬರ್ 6ರಂದು ಅವರು ದೈವಾಧೀನರಾದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂಬ ಮಹಾಜನ ಆಯೋಗದ 1967ರ ಶಿಫಾರಸನ್ನು ನೋಡಲು ಅವರಿರಲಿಲ್ಲ. ಆ ಶಿಫಾರಸೂ ಕಾರ್ಯಗತವಾಗಲಿಲ್ಲ.

ಮಂಜೇಶ್ವರದ ಸರಕಾರಿ ಕಾಲೇಜು ಇಂದು ಅವರ ಹೆಸರನ್ನು ಧರಿಸಿದೆ. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಕೊಂಕಣಿ, ತುಳು, ಉರ್ದು, ಲಂಬಾಣಿ, ತೆಲುಗು ಮನೆಮಾತಿನ ಮಕ್ಕಳು ನಮ್ಮ ನಾಡಿನ ಶಾಲೆಗಳಲ್ಲಿ ಇಂದಿಗೂ ಕನ್ನಡದ ಹೊಸ್ತಿಲಲ್ಲಿ ಅಳುಕುತ್ತ ನಿಲ್ಲುತ್ತಾರೆ. ಅಂತಹ ಮಗುವಿನ ತಾಯ್ನುಡಿ ಕಲಿಕೆಗೆ ಅಡ್ಡಿಯೆಂದು ಬಗೆಯುವ ಉಪಾಧ್ಯಾಯರು ಪೈಗಳ ಚರಿತ್ರೆಯನ್ನು ಒಮ್ಮೆ ಮನನ ಮಾಡುವುದು ಲೇಸು. ಒಲೆಯ ಬಳಿ ಕೊಂಕಣಿಯಾಡಿದ ಬಾಲಕನಿಂದಲೇ ಕನ್ನಡ ಕಾವ್ಯಕ್ಕೆ ಹೊಸ ನಡೆ ದೊರೆಯಿತು.