ಅಶ್ವಶಕ್ತಿಗೆ ಅಂಜದ ಸಾರಥಿ ಟಾಜಿಯೊ ನುವೊಲಾರಿ

ಅಶ್ವಶಕ್ತಿ ಹೆಚ್ಚಿರುವ ಕಾರೇ ಗೆಲ್ಲುತ್ತದೆ ಎಂಬ ನಂಬಿಕೆ ಮೋಟಾರು ಪಂದ್ಯಗಳಷ್ಟೇ ಹಳೆಯದು. ಬಹುಮಟ್ಟಿಗೆ ಅದು ನಿಜವೂ ಹೌದು. ಆ ನಂಬಿಕೆಯನ್ನು ಲಕ್ಷಾಂತರ ಪ್ರೇಕ್ಷಕರ ಎದುರಿನಲ್ಲೇ ಸುಳ್ಳಾಗಿಸಿದವರು ಇಟಲಿಯ ಟಾಜಿಯೊ ನುವೊಲಾರಿ.

ಮಾಂಟುವಾ ಸಮೀಪದ ಕಾಸ್ಟೆಲ್ ದಾರಿಯೊದಲ್ಲಿ 1892ರ ನವೆಂಬರ್ 16ರಂದು ಜನಿಸಿದ ನುವೊಲಾರಿ, ಕುಳ್ಳಗೆ ಸಣಕಲು ದೇಹದ ವ್ಯಕ್ತಿ. ಮೊದಲು ಹೆಸರು ಗಳಿಸಿದ್ದು ಮೋಟಾರ್ ಸೈಕಲ್ ಸವಾರರಾಗಿ. 1925ರಲ್ಲಿ ಮೊಂಜಾದಲ್ಲಿ ಆಲ್ಫಾ ರೋಮಿಯೊ ಕಾರನ್ನು ಪರೀಕ್ಷಾರ್ಥ ಓಡಿಸುವಾಗ ಅಪಘಾತಕ್ಕೀಡಾಗಿ ತೀವ್ರವಾಗಿ ಗಾಯಗೊಂಡರು. ಕೆಲವೇ ದಿನಗಳಲ್ಲಿ, ಮೈಗೆ ಬ್ಯಾಂಡೇಜು ಬಿಗಿಸಿಕೊಂಡು, ಅದೇ ಮೊಂಜಾದಲ್ಲಿ ಮೋಟಾರ್ ಸೈಕಲ್ ಪಂದ್ಯ ಗೆದ್ದರು. 1930ರ ಮಿಲ್ಲೆ ಮಿಲಿಯಾ, 1931 ಮತ್ತು 1932ರ ಟಾರ್ಗಾ ಫ್ಲೋರಿಯೊ, 1933ರ ಲೆ ಮಾನ್ಸ್ ಪಂದ್ಯಗಳು ಕಾರಿನಲ್ಲಿ ಅವರಿಗೆ ಒಲಿದವು.

ಅವರ ಚಾಲನೆಯ ಗುಟ್ಟು ಇದ್ದದ್ದು ತಿರುವುಗಳಲ್ಲಿ. ಇತರರು ವೇಗ ತಗ್ಗಿಸಿ, ಚಕ್ರಗಳು ಜಾರದಂತೆ ಎಚ್ಚರ ವಹಿಸುತ್ತಿದ್ದರು. ನುವೊಲಾರಿ ತಿರುವು ಬರುವ ಮೊದಲೇ ಕಾರಿನ ಮೂತಿಯನ್ನು ಒಳಬದಿಗೆ ತಿರುಗಿಸಿ, ನಾಲ್ಕೂ ಚಕ್ರಗಳು ಒಟ್ಟಿಗೆ ಜಾರುವಂತೆ ಮಾಡುತ್ತಿದ್ದರು. ಜಾರಾಟ ಮುಗಿಯುವ ಹೊತ್ತಿಗೆ ಕಾರು ಮುಂದಿನ ನೇರ ರಸ್ತೆಗೆ ಮುಖ ಮಾಡಿರುತ್ತಿತ್ತು. ಹೀಗಾಗಿ ಎಂಜಿನ್ನಿನ ಪೂರ್ಣ ಬಲವನ್ನು ಎದುರಾಳಿಗಿಂತ ಒಂದು ಕ್ಷಣ ಮೊದಲೇ ಬಳಸಲು ಅವರಿಗೆ ಸಾಧ್ಯವಾಗುತ್ತಿತ್ತು.

ಈ ವಿದ್ಯೆಗೆ ಅಗ್ನಿಪರೀಕ್ಷೆ ಎದುರಾದದ್ದು 1935ರ ಜುಲೈ 28ರಂದು, ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆದ ಜರ್ಮನ್ ಗ್ರಾನ್ ಪ್ರೀಯಲ್ಲಿ. ಬೆಟ್ಟಗಾಡಿನ ಆ ಹಾದಿಯ ಒಂದು ಸುತ್ತು ಸುಮಾರು 22.8 ಕಿಲೋಮೀಟರ್, ಒಟ್ಟು 22 ಸುತ್ತು. ನಾತ್ಸಿ ಸರ್ಕಾರದ ಧನಸಹಾಯ ಪಡೆದಿದ್ದ ಮರ್ಸಿಡಿಸ್ ಮತ್ತು ಆಟೊ ಯೂನಿಯನ್ ಸಂಸ್ಥೆಗಳ ಒಂಬತ್ತು ಕಾರುಗಳು ಕಣದಲ್ಲಿದ್ದವು. 42 ವರ್ಷದ ನುವೊಲಾರಿಗೆ ದೊರೆತದ್ದು 1932ರ ವಿನ್ಯಾಸದ ಆಲ್ಫಾ ರೋಮಿಯೊ ಪಿ3. ಅದರ ಶಕ್ತಿ ಜರ್ಮನ್ ಕಾರುಗಳಿಗಿಂತ ಸುಮಾರು 100 ಅಶ್ವಶಕ್ತಿಯಷ್ಟು ಕಡಿಮೆ.

ಬೆಳಗಿನ ಮಳೆಗೆ ರಸ್ತೆ ಒದ್ದೆಯಾಗಿತ್ತು. ಹತ್ತನೆಯ ಸುತ್ತಿನ ವೇಳೆಗೆ ನುವೊಲಾರಿ ಮುನ್ನಡೆ ಸಾಧಿಸಿದರು. ಆದರೆ ಇಂಧನ ತುಂಬಿಸಲು ನಿಂತಾಗ ಪಂಪು ಕೈಕೊಟ್ಟಿತು. ಸಹಾಯಕರು ಡಬ್ಬಗಳಿಂದ ಸುರಿದು ಮುಗಿಸುವಷ್ಟರಲ್ಲಿ 2 ನಿಮಿಷ 14 ಸೆಕೆಂಡು ಕಳೆದಿತ್ತು. ಮರ್ಸಿಡಿಸ್‌ನ ಮಾನ್‌ಫ್ರೆಡ್ ಫಾನ್ ಬ್ರಾಖಿಚ್ ಅದೇ ಕೆಲಸ ಮುಗಿಸಿದ್ದು 47 ಸೆಕೆಂಡುಗಳಲ್ಲಿ. ಆರನೆಯ ಸ್ಥಾನಕ್ಕೆ ಕುಸಿದ ನುವೊಲಾರಿ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತ ಎರಡನೆಯ ಸ್ಥಾನಕ್ಕೆ ಬಂದರು. ಕೊನೆಯ ಸುತ್ತಿನ ಆರಂಭದಲ್ಲಿ ಅಂತರ ಅರ್ಧ ನಿಮಿಷದ ಆಸುಪಾಸಿನಲ್ಲಿತ್ತು. ಬೆನ್ನಟ್ಟಿ ಬರುತ್ತಿದ್ದವರಿಂದ ತಪ್ಪಿಸಿಕೊಳ್ಳಲು ಬ್ರಾಖಿಚ್ ವೇಗ ತಗ್ಗಿಸುವಂತಿರಲಿಲ್ಲ. ಟೈರು ಬದಲಿಸಲು ನಿಲ್ಲುವಂತೆಯೂ ಇರಲಿಲ್ಲ. ಅಂದಿನ ಕಿರಿದಾದ ಟೈರುಗಳು ಅಷ್ಟೊಂದು ಶಕ್ತಿಯನ್ನು ಎಷ್ಟು ಹೊತ್ತು ತಾಳಿಕೊಂಡಾವು? ಗುರಿ ಕೆಲವೇ ಕಿಲೋಮೀಟರ್ ದೂರವಿದ್ದಾಗ ಹಿಂದಿನ ಟೈರು ಸಿಡಿಯಿತು. ನುವೊಲಾರಿ ಒಂದೂವರೆ ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಎರಡರಿಂದ ಐದನೆಯವರೆಗಿನ ಸ್ಥಾನಗಳೆಲ್ಲ ಜರ್ಮನ್ ಕಾರುಗಳ ಪಾಲಾದವು.

ಇದನ್ನು ಬರಿಯ ಅದೃಷ್ಟ ಎನ್ನುವವರಿದ್ದಾರೆ. ಟೈರು ಸವೆಯುವಂತೆ ಒತ್ತಡ ಹೇರಿದವರು ಯಾರೆಂಬುದನ್ನು ಅವರು ಗಮನಿಸುವುದಿಲ್ಲ. ಹಾಗೆಂದು ನುವೊಲಾರಿ ಶಕ್ತಿಯನ್ನು ತಿರಸ್ಕರಿಸಿದವರೂ ಅಲ್ಲ. 1938ರ ಜನವರಿಯಲ್ಲಿ ಬರ್ನ್ಡ್ ರೋಸ್‌ಮೇಯರ್ ಮೃತಪಟ್ಟ ಬಳಿಕ ಅದೇ ವರ್ಷ ಅವರು ಆಟೊ ಯೂನಿಯನ್ ಸೇರಿದರು. ಎಂಜಿನ್ ಚಾಲಕನ ಬೆನ್ನ ಹಿಂದಿದ್ದ ಆ ಕಾರನ್ನು ಪಳಗಿಸುವುದು ಅನುಭವಿಗಳಿಗೂ ಕಷ್ಟವಾಗಿತ್ತು. ನುವೊಲಾರಿ ಅದೇ ವರ್ಷ ಮೊಂಜಾ ಮತ್ತು ಇಂಗ್ಲೆಂಡಿನ ಡಾನಿಂಗ್‌ಟನ್‌ನಲ್ಲಿ ಅದರಲ್ಲೇ ಜಯ ಗಳಿಸಿದರು.

ಗೆಲುವುಗಳ ನಡುವೆ ಮನೆ ಬರಿದಾಯಿತು. 1937ರಲ್ಲಿ ಹಿರಿಯ ಮಗ ಜಾರ್ಜಿಯೊ, 1946ರಲ್ಲಿ ಕಿರಿಯ ಮಗ ಆಲ್ಬರ್ಟೊ ಕಾಯಿಲೆಯಿಂದ ತೀರಿಕೊಂಡರು. ಇಬ್ಬರಿಗೂ ಆಗ ಹದಿನೆಂಟು. ವರ್ಷಗಟ್ಟಲೆ ಕುಡಿದ ಹೊಗೆಯಿಂದ ತಂದೆಯ ಶ್ವಾಸಕೋಶಗಳೂ ಹಾಳಾಗಿದ್ದವು. ಆದರೂ 1947ರ ಮಿಲ್ಲೆ ಮಿಲಿಯಾದಲ್ಲಿ, 54ರ ವಯಸ್ಸಿನಲ್ಲಿ, 1,100 ಸಿಸಿಯ ಪುಟ್ಟ ತೆರೆದ ಚಿಸಿಟಾಲಿಯಾ ಕಾರಿನಲ್ಲಿ ಅವರು ದೊಡ್ಡ ಕಾರುಗಳನ್ನು ಹಿಂದೆ ಹಾಕಿ ಮುನ್ನಡೆದರು. ಮಳೆನೀರು ಎಂಜಿನ್ನಿನ ಕಿಡಿ ಹೊತ್ತಿಸುವ ಭಾಗಕ್ಕೆ ನುಗ್ಗಿದ್ದರಿಂದ ಎರಡನೆಯವರಾಗಿ ಮುಗಿಸಬೇಕಾಯಿತು.

1950ರ ಏಪ್ರಿಲ್‌ನಲ್ಲಿ ಪಲೆರ್ಮೊ ಬಳಿಯ ಪೆಲ್ಲೆಗ್ರಿನೊ ಬೆಟ್ಟದ ಹಾದಿಯಲ್ಲಿ ಅವರು ಕೊನೆಯ ಬಾರಿ ಸ್ಪರ್ಧಿಸಿದರು. ಅದೂ ಸಣ್ಣ ಕಾರೇ. ತನ್ನ ವಿಭಾಗದಲ್ಲಿ ಗೆದ್ದಿತು. 1953ರ ಆಗಸ್ಟ್ 11ರಂದು ಮಾಂಟುವಾದ ತಮ್ಮ ಮನೆಯಲ್ಲಿ ನುವೊಲಾರಿ ನಿಧನರಾದರು.